ನಲವತ್ತರಲ್ಲಿ ಒಂದು ಪಾಲು

ಹೋದ ವಾರ ಶಾಲೆಯ ತರಬೇತಿಗೆಂದು ನಾಶಿಕಕ್ಕೆ ಹೋಗಿದ್ದೆ. ಬಸ್ ಇಳಿದು ರಸ್ತೆ ದಾಟುವಷ್ಟರಲ್ಲಿ ದ್ರಾಕ್ಷಿಯ ವಾಸನೆ ಮೂಗಿಗೆ ಬಂತು. ತೊಳೆದು ಜೋಡಿಸಿಟ್ಟ ದ್ರಾಕ್ಷಿಯದಲ್ಲ, ಕೈಗಾಡಿಯ ಕೆಳಗೆ ಬಿದ್ದು, ಬಿಸಿಲಿಗೆ ಹುಳಿ ಬಂದು, ನೊಣ ಮುತ್ತಿದ ದ್ರಾಕ್ಷಿಯದು. ಜೊತೆಗಿದ್ದ ಟೀಚರು ಅರ್ಧ ಕಿಲೋ ತೆಗೆದುಕೊಳ್ಳೋಣವೇ ಎಂದು ಕೇಳಿದರು. ನಾನು ಮುಂದೆ ನಡೆದೆ. ಈ ವಾಸನೆಗೆ ಬೇರೆಯವರ ಬಾಯಲ್ಲಿ ನೀರೂರುತ್ತದೆ, ನನಗೆ ಸಿಟ್ಟು ಬರುತ್ತದೆ. ಮೂರು ವರ್ಷದ ಹಿಂದಿನ ಒಂದು ರಂಜಾನ್ ತಿಂಗಳು ಇಡಿಯಾಗಿ ಈ ವಾಸನೆಯಲ್ಲಿ ಸಿಕ್ಕಿಕೊಂಡಿದೆ.

ನಾವು ನದಾಫರು. ಹತ್ತಿ ಹಿಂಜಿ ಗಾದಿ ತುಂಬುವ ಕುಲಕಸುಬಿನವರು. ಊರು ಆಳಂದದ ಕಡೆ, ಮನೆಮಾತು ಕನ್ನಡ. ನಮಾಜಿನ ಅರಬ್ಬಿ ಬಾಯಿಪಾಠ ಬರುತ್ತದೆ, ಉರ್ದು ಮಾತ್ರ ಅಷ್ಟಕ್ಕಷ್ಟೆ. ಮದುವೆಯಾಗಿ ಸಂಭಾಜಿನಗರಕ್ಕೆ, ಆಗಿನ ಔರಂಗಾಬಾದಿಗೆ, ಬಂದ ಹೊಸದರಲ್ಲಿ ನಾನು ಬಾಯಿ ತೆರೆದರೆ ಸಾಕು, ಓಣಿಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಈಗ ನನ್ನ ಎದುರಿಗೆ ನಗುವುದಿಲ್ಲ, ಅವರ ಮಕ್ಕಳಿಗೆ ಗಣಿತ ಕಲಿಸುವವಳು ನಾನೇ. ಆದರೆ ಧರ್ಮದ ಸಂಗತಿ ಏನು ಕೇಳಬೇಕೆಂದರೂ ಉರ್ದುವಿನಲ್ಲೇ ಕೇಳಬೇಕು, ಉರ್ದುವಿನಲ್ಲೇ ಅರ್ಥ ಮಾಡಿಕೊಳ್ಳಬೇಕು. ನಲವತ್ತು ದಾಟಿದ ಮೇಲೂ ನಾನು ಆ ತರಗತಿಯ ಹಿಂದಿನ ಬೆಂಚಿನವಳೇ.

ಆ ವರ್ಷ ಮೊದಲ ಸಲ ನನ್ನ ಮೇಲೆ ಜಕಾತ್ ಬಂದಿತ್ತು, ಅಂದರೆ ಉಳಿತಾಯದಲ್ಲಿ ಬಡವರ ಹಕ್ಕೆಂದು ವರ್ಷಕ್ಕೊಮ್ಮೆ ಕೊಡಲೇಬೇಕಾದ ಪಾಲು. ನಮ್ಮವರ ಗಾದಿ ಅಂಗಡಿ ಫೋಮಿನ ಗಾದಿಗಳ ಹೊಡೆತಕ್ಕೆ ಮುಚ್ಚಿದಾಗ ಮೈಮೇಲಿನ ಬಂಗಾರವನ್ನೆಲ್ಲ ಮಾರಿದ್ದೆವು. ಆಮೇಲೆ ನನಗೆ ಶಾಲೆಯಲ್ಲಿ ಕೆಲಸ ಸಿಕ್ಕಿತು, ಅವರಿಗೆ ಬಿಡಕಿನ್‌ನ ಹೊಸ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಕೆಲಸವಾಯಿತು. ಸಂಬಳ ಉಳಿಸಿ ಉಳಿಸಿ ಎರಡು ಪಾಟ್ಲಿ ಬಳೆ, ಒಂದು ಸರ ಮತ್ತೆ ಮಾಡಿಸಿಕೊಂಡಿದ್ದೆ. ಬ್ಯಾಂಕಿನಲ್ಲೂ ಅಷ್ಟಿಷ್ಟು ಇತ್ತು. ಎಲ್ಲ ಸೇರಿ ಜಕಾತಿನ ಮಿತಿ ದಾಟಿ ಒಂದು ವರ್ಷವಾಗಿತ್ತು. ಬಂಗಾರ ನನ್ನದು, ದುಡ್ಡು ನನ್ನದು, ಆದ್ದರಿಂದ ಜಕಾತೂ ನನ್ನದೇ. ಗಂಡ ಕೊಟ್ಟನೋ ಬಿಟ್ಟನೋ, ಅದು ಬೇರೆ ಮಾತು. ಇದು ತಿಳಿದ ದಿನ ಎಷ್ಟು ಹಿಗ್ಗಿದೆನೆಂದರೆ, ಕೊಡಬೇಕಾದ ಬಾಕಿ ತಿಳಿದು ಹಿಗ್ಗುವ ಹುಚ್ಚಿ ನಾನೊಬ್ಬಳೇ ಇರಬೇಕು.

ಲೆಕ್ಕದಲ್ಲಿ ತೊಂದರೆಯೇ ಇರಲಿಲ್ಲ. ನಲವತ್ತರಲ್ಲಿ ಒಂದು ಪಾಲು, ನನ್ನ ಏಳನೆಯ ತರಗತಿಯ ಮಕ್ಕಳೂ ಮಾಡುತ್ತಾರೆ. ತೊಂದರೆ ಇದ್ದದ್ದು ಯಾರಿಗೆ ಕೊಡುವುದು ಎಂಬಲ್ಲಿ. ರಂಜಾನ್ ಹುಟ್ಟಿದ್ದೇ ತಡ, ಮದರಸಾಗಳ ರಸೀದಿ ಪುಸ್ತಕ ಹಿಡಿದವರು ಬಾಗಿಲಿಗೆ ಬರತೊಡಗಿದರು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಅಲ್ಲಗಳೆಯುತ್ತಿದ್ದರು. ಏನೇ ಪ್ರಶ್ನೆ ಕೇಳಿದರೂ "ಆಪಾ, ಆಪ್ ಬಸ್ ದೇ ದೋ", ಅಕ್ಕಾ, ನೀವು ಕೊಟ್ಟುಬಿಡಿ ಸಾಕು, ಎನ್ನುವುದು ಮಾತ್ರ ಎಲ್ಲರದೂ ಒಂದೇ. ಮನೆಯಲ್ಲಿ ನಮ್ಮವರದು ಮತ್ತೊಂದು ಪದ್ಧತಿ. ನೋಟನ್ನೆಲ್ಲ ಚಿಲ್ಲರೆ ಮಾಡಿಸಿ ಡಬ್ಬಿಯಲ್ಲಿಟ್ಟು, ತಿಂಗಳಿಡೀ ಬಂದವರಿಗೆ ಹತ್ತು ಇಪ್ಪತ್ತು ಕೊಟ್ಟು, ಜಕಾತ್ ಮುಗಿಯಿತು ಅನ್ನುವುದು.

"ಬಾಗಲಿಗೆ ಬಂದವರಿಗೆ ಕೊಡೋದು ಖೈರಾತ್ ರೀ," ಅಂದೆ. "ಅದು ಮನಸ್ಸಿಗೆ ಬಂದಷ್ಟು. ಇದು ಫರ್ಜ್. ನಮಾಜು, ರೋಜಾ ಇದ್ದಂಗ ಮಾಡಲೇಬೇಕಾದ್ದು. ಯಾರಿಗೆ ಸಲ್ಲತದ, ಯಾರಿಗೆ ಸಲ್ಲಂಗಿಲ್ಲ ಅಂತ ಕಟ್ಟಳಿ ಅದಾವ."

"ನೀ ಯಾವಾಗ ಮೌಲ್ವಿ ಆದಿ?" ಅಂದರು ಅವರು. ಬೆಳಗಿನ ಪಾಳಿಗೆ ಕಂಪನಿ ಬಸ್ಸಿನಲ್ಲಿ ಹೋಗಿ, ಉಪವಾಸದಲ್ಲಿ ಪೆಟ್ಟಿಗೆ ಎಣಿಸಿ ಬಂದಿದ್ದರು. ಅವರಿಗೂ ತಲೆ ಕಾದಿತ್ತು.

"ಹತ್ತು ಹತ್ತು ರೂಪಾಯಿ ಹಂಚಿದ್ರ ಯಾರ ಸಂಸಾರ ಸುಧಾರಿಸ್ತದ? ನಾ ಒಬ್ಬರಿಗೇ ಕೊಡೋಕಿ. ಮತ್ತೊಮ್ಮಿ ಅವರು ಕೈ ಒಡ್ಡಬಾರದು, ಹಂಗ ಕೊಡೋಕಿ."

"ಕೊಡವ್ವ. ನಿನ್ನ ರೊಕ್ಕ, ನಿನ್ನ ಹಟ," ಎಂದು ಅವರು ಗೋಡೆ ಕಡೆ ಹೊರಳಿ ಮಲಗಿದರು.

ಆ ಒಬ್ಬರು ಯಾರೆಂದು ನನಗಾಗಲೇ ಗೊತ್ತಿತ್ತು. ತಂದೆ ತಾಯಿಗೆ, ಮಕ್ಕಳಿಗೆ ಜಕಾತ್ ಕೊಡುವಂತಿಲ್ಲ, ಅವರನ್ನು ನೋಡಿಕೊಳ್ಳುವುದು ಹೇಗೂ ನಮ್ಮ ಹೊಣೆ. ಆದರೆ ಒಡಹುಟ್ಟಿದವರು ಬಡವರಾಗಿದ್ದರೆ ಕೊಡಬಹುದು, ಹಾಗೆ ಕೊಟ್ಟರೆ ಪುಣ್ಯವೂ ಇಮ್ಮಡಿ. ಇದನ್ನು ಓದಿದ ಕ್ಷಣ ಕಣ್ಣ ಮುಂದೆ ಬಂದವಳು ನಾಶಿಕದ ಹತ್ತಿರದ ನಿಫಾಡ್‌ನಲ್ಲಿದ್ದ ನನ್ನಕ್ಕ ಹುಸೇನಬೀ.

ಭಾವ ದ್ರಾಕ್ಷಿ ತೋಟಗಳಲ್ಲಿ ಔಷಧಿ ಹೊಡೆಯುವ ಟ್ರ್ಯಾಕ್ಟರ್ ಓಡಿಸುತ್ತಿದ್ದರು. ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ಮಕ್ಕಳಿಲ್ಲ. ಮಣ್ಣಾದ ಮೇಲೆ ಅಕ್ಕ ಆಳಂದದಲ್ಲಿ ಮೈದುನನ ಮನೆಯಲ್ಲಿ ಕೆಲವು ತಿಂಗಳು ಇದ್ದಳು. ಅಲ್ಲಿ ಅವಳಿಗೆ ಸಿಕ್ಕಿದ್ದು ಒಲೆ ಮುಂದಿನ ಜಾಗ ಒಂದೇ. ಯಾರೂ ಬೈಯಲಿಲ್ಲ, ಯಾರೂ ಮಾತೂ ಆಡಿಸಲಿಲ್ಲ, ರೊಟ್ಟಿ ಮಾತ್ರ ಎಲ್ಲರಿಗೂ ಬಿಸಿ ಬೇಕು. ಒಂದು ದಿನ ಪೆಟ್ಟಿಗೆ ಎತ್ತಿಕೊಂಡು ನಿಫಾಡ್‌ಗೆ ವಾಪಸ್ ಬಂದು, ದ್ರಾಕ್ಷಿಯ ಪ್ಯಾಕ್‌ಹೌಸಿನಲ್ಲಿ ಕೂಲಿಗೆ ಸೇರಿದಳು. ತಲೆಗೆ ಟೋಪಿ ಹಾಕಿಕೊಂಡು, ಸಣ್ಣ ಕತ್ತರಿಯಿಂದ ಗೊಂಚಲಿನ ಕೆಟ್ಟ ಕಾಯಿ ತೆಗೆಯುವ ಕೆಲಸ. ಒಂದೇ ಕೋಣೆಯ ಬಾಡಿಗೆ ಮನೆ. ಆದರೂ ಫೋನಿನಲ್ಲಿ ಅವಳ ದನಿ ಮೊದಲಿನ ಹಾಗೆ ಗಟ್ಟಿಯಾಗಿತ್ತು.

ಆ ರಂಜಾನಿನ ಮೊದಲ ವಾರ ನಿಫಾಡ್ ಸುತ್ತ ಆಲಿಕಲ್ಲು ಮಳೆ ಹೊಡೆಯಿತು. ಕೊಯ್ಲಿಗೆ ನಿಂತ ದ್ರಾಕ್ಷಿಯೆಲ್ಲ ನೆಲ ಕಂಡಿತು. ಪ್ಯಾಕ್‌ಹೌಸಿನವರು ಹಂಗಾಮು ಮುಗಿಯುವ ಮೊದಲೇ ಬೀಗ ಹಾಕಿದರು. ಅದೇ ವಾರ ಮನೆಯ ಮಾಲಕ ಕೋಣೆಗಳನ್ನು ಕೆಡವಿ ಅಂಗಡಿ ಕಟ್ಟಿಸುವುದಿದೆ, ಈದ್ ಒಳಗೆ ಖಾಲಿ ಮಾಡಿ ಎಂದ. ಹಿಂದಿನ ಓಣಿಯಲ್ಲಿ ಇನ್ನೊಂದು ಕೋಣೆ ಇತ್ತು, ಆದರೆ ಡಿಪಾಜಿಟ್ ಕೇಳಿದ್ದರು. ಅದು ಆಗದಿದ್ದರೆ ಅಕ್ಕ ಮತ್ತೆ ಆಳಂದದ ಆ ಒಲೆ ಮುಂದೆಯೇ ಕೂರಬೇಕು. ಮೈದುನ ಆಗಲೇ ಎರಡು ಸಲ ಫೋನ್ ಮಾಡಿ, ಬಂದು ಬಿಡ್ರಿ ವೈನಿ, ನಿಮ್ಮ ಮನೀನೇ ಅಲ್ಲೇನು ಎಂದಿದ್ದನಂತೆ. ನಾನು ಕೂತು ಲೆಕ್ಕ ಮಾಡಿದೆ. ನನ್ನ ಜಕಾತ್ ಆ ಡಿಪಾಜಿಟ್ಟಿಗೆ ಸರಿಯಾಗಿ ಸಾಲುತ್ತಿತ್ತು. ನನ್ನ ಗಣಿತಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಶಾಲೆಗೆ ರಜೆ ಬಿದ್ದ ಕೂಡಲೇ ಹೊರಟೆ. ವೈಜಾಪುರ, ಯೇವಲಾ ದಾಟಿ ಬಸ್ಸು ನಿಫಾಡ್ ಸಮೀಪಿಸಿದಂತೆ ಎರಡೂ ಕಡೆ ಎಲೆ ಹರಿದ ತೋಟಗಳು. ಬಳ್ಳಿಯ ಕೆಳಗೆ ದ್ರಾಕ್ಷಿ ಕೆಸರಾಗಿ ಬಿದ್ದಿತ್ತು, ಕಿಟಕಿ ಮುಚ್ಚಿದರೂ ಆ ಹುಳಿ ವಾಸನೆ ಒಳಗೆ ಬರುತ್ತಿತ್ತು. ಸೆರಗಿನಿಂದ ಮೂಗು ಮುಚ್ಚಿಕೊಂಡೆ.

ಅಕ್ಕ ಪೆಟ್ಟಿಗೆ ತೆರೆದು ನೆಲದ ಮೇಲೆ ಕೂತಿದ್ದಳು. ಮುಂದೆ ಹಳೆಯ ಸೀರೆ ಹಾಸಿ, ಅವ್ವನ ಬೆಳ್ಳಿಯನ್ನೆಲ್ಲ ಹರಡಿಕೊಂಡು, ಹಲ್ಲುಪುಡಿ ಹಚ್ಚಿ ತಿಕ್ಕುತ್ತಿದ್ದಳು. ಕಾಲ್ಗಡಗ, ಡಾಬು, ಒಂದು ತಾಟು, ಎರಡು ಲೋಟ. ನಮ್ಮ ಮದುವೆಗಳಲ್ಲಿ ಅವ್ವ ನನಗೆ ಬಂಗಾರ ಹಾಕಿ, ಅಕ್ಕನಿಗೆ ಈ ಬೆಳ್ಳಿ ಕೊಟ್ಟಿದ್ದಳು.

"ಇದಿನ್ನೂ ಅದಾ? ಭಾವನ ದವಾಖಾನಿಗೆ ಮಾರಿದ್ದಿ ಅಂತ ತಿಳಿದಿದ್ದೆ," ಅಂದೆ.

"ಅವರ ಗಾಡಿ ಮಾರಿದೆ, ನನ್ನ ಕಿವ್ಯಾನವೂ ಮಾರಿದೆ. ಇದನ್ನ ಮುಟ್ಟಿಲ್ಲ."

"ಎಷ್ಟು ತೊಲಿ ಇದ್ದೀತು?"

"ಅರವತ್ತರ ಮ್ಯಾಲ ಅದ. ಯಾಕ?"

ಬೆಳ್ಳಿಯ ಮಿತಿ ಐವತ್ತೆರಡೂವರೆ ತೊಲ. ಅದಕ್ಕಿಂತ ಹೆಚ್ಚು ಯಾರ ಬಳಿ ಇದೆಯೋ ಅವರು ಜಕಾತ್ ಕೊಡಬೇಕಾದವರು, ತೆಗೆದುಕೊಳ್ಳಬೇಕಾದವರಲ್ಲ. ಕೆಲಸ ಹೋಗಿ, ಮನೆ ಹೋಗಲಿದ್ದ ನನ್ನಕ್ಕ ಶ್ರೀಮಂತರ ಸಾಲಿನಲ್ಲಿ ಕೂತಿದ್ದಳು.

"ಅಂದ್ರ ನನ್ನ ಜಕಾತ್ ನಿನಗ ಸಲ್ಲಂಗಿಲ್ಲ," ಅಂದೆ.

"ಗೊತ್ತದ. ನಾ ಎಲ್ಲಿ ಕೇಳಿದೆ?" ಎಂದು ಅಕ್ಕ ಡಾಬನ್ನು ಬೆಳಕಿಗೆ ಹಿಡಿದು ನೋಡಿದಳು.

ನಾನು ಬಿಡುವವಳಲ್ಲ. ತಿಳಿದವರನ್ನು ಕೇಳೋಣ, ಏನಾದರೂ ದಾರಿ ಇದ್ದೇ ಇರುತ್ತದೆ ಎಂದು ಮರುದಿನ ಬೆಳಿಗ್ಗೆ ಅಕ್ಕನನ್ನು ಎಳೆದುಕೊಂಡು ನಾಶಿಕಕ್ಕೆ ಹೋದೆ. ಹಳೆ ನಾಶಿಕದ ಇಕ್ಕಟ್ಟಿನ ಓಣಿಯೊಂದರಲ್ಲಿ ಒಬ್ಬ ಮೌಲಾನಾ ಹೆಂಗಸರ ಪ್ರಶ್ನೆಗಳಿಗೂ ತಾಳ್ಮೆಯಿಂದ ಉತ್ತರ ಹೇಳುತ್ತಾರೆ ಎಂದು ಕೇಳಿದ್ದೆ. ಪರದೆಯ ಈಚೆ ನಾವು, ಆಚೆ ಅವರು. ಅವರ ಉರ್ದು ಒಂದು ವಾಕ್ಯ ಮುಗಿಯುವಷ್ಟರಲ್ಲಿ ನಾನು ಮೂರು ಕಡೆ ಎಡವಿದ್ದೆ. ಎರಡು ಸಲ ಅರ್ಥವಾಗಲಿಲ್ಲ ಎಂದೆ. ಆಗ ಅವರು ನಮ್ಮ ಊರು ಕೇಳಿ, ಕರ್ನಾಟಕದವರು ಎಂದು ತಿಳಿದು, ನಕ್ಕು, ಮರಾಠಿಗೆ ಹೊರಳಿದರು. ಸೊಲ್ಲಾಪುರದಲ್ಲಿ ಡಿಗ್ರಿ ಓದಿದವಳು ನಾನು, ಮರಾಠಿ ನೀರು ಕುಡಿದಂತೆ ತಿಳಿಯುತ್ತದೆ. ಇಷ್ಟು ವರ್ಷ ಯಾರೂ ಬಿಡಿಸಿ ಹೇಳದ ಜಕಾತನ್ನು ಕೊನೆಗೂ ನಾನು ಮರಾಠಿಯಲ್ಲಿ ಕೇಳಿಸಿಕೊಂಡೆ.

ಇರುವ ಮನೆ, ದಿನ ಬಳಸುವ ಪಾತ್ರೆ, ಓಡಾಡುವ ಗಾಡಿ, ಹೊಟ್ಟೆಪಾಡಿನ ಹತಾರ, ಇವು ಯಾವುವೂ ಲೆಕ್ಕಕ್ಕೆ ಬರುವುದಿಲ್ಲ. ಬೆಳ್ಳಿ ಬಂಗಾರ ಮಾತ್ರ, ಮೈಮೇಲಿದ್ದರೂ ಪೆಟ್ಟಿಗೆಯಲ್ಲಿದ್ದರೂ ಲೆಕ್ಕಕ್ಕೆ ಬರುತ್ತದೆ. ಇವರು ಕೊಡುವವರು, ಕೊಡಬೇಕು, ಎಂದರು. ನಾನು ವಾದಕ್ಕೆ ನಿಂತೆ. ಸಂಬಳ ಬರುವವಳು ನಾನು, ಕೂಲಿ ತಪ್ಪಿದವಳು ಅವಳು, ಇದು ಯಾವ ನ್ಯಾಯ ಎಂದೆ. ಬೆಳ್ಳಿ ಮಾರಿ ಖರ್ಚಾದರೆ ಆಗ ಸಲ್ಲುತ್ತದೆ ಎಂದರು. ಮಾರಿದರೆ ಆ ದುಡ್ಡಿನಲ್ಲೇ ಕೋಣೆ ಸಿಗುತ್ತದಲ್ಲ, ಮತ್ತೆ ನನ್ನದೇಕೆ ಎಂದೆ. ಅಕ್ಕ ಪಕ್ಕದಲ್ಲಿ ತೂಕಡಿಸುತ್ತಿದ್ದಳು, ಯಾರದೋ ಖಟ್ಲೆ ನೋಡಲು ಬಂದವಳ ಹಾಗೆ.

ಮೌಲಾನಾ ಕೇಳಿದರು: "ತಾಈ, ಬಹಿಣೀಲಾ ದ್ಯಾಯಲಾ ಜಕಾತಚ್ ಕಶಾಲಾ?"

ಅಕ್ಕನಿಗೆ ಕೊಡಲು ಜಕಾತೇ ಏಕೆ ಬೇಕು? ನಲವತ್ತರಲ್ಲಿ ಒಂದು ಪಾಲು ದೇವರು ಕೇಳಿದ್ದು, ಉಳಿದ ಮೂವತ್ತೊಂಬತ್ತು ನಿಮ್ಮ ಬಳಿಯೇ ಇದೆಯಲ್ಲ, ಅದರಿಂದ ಕೊಡಬೇಡಿ ಎಂದವರು ಯಾರು, ಎಂದರು. ಅವರ ದನಿಯಲ್ಲಿ ಚುಚ್ಚುವ ಧಾಟಿ ಇರಲಿಲ್ಲ. ಅದಕ್ಕೇ ಇನ್ನೂ ಹೆಚ್ಚು ಉರಿಯಿತು. ದಿನಾ ಮಕ್ಕಳಿಗೆ ಭಾಗಾಕಾರ ಕಲಿಸುವವಳಿಗೆ ಉಳಿದ ಪಾಲು ಎಲ್ಲಿ ಹೋಯಿತು ಎಂದು ಬೇರೆಯವರು ತೋರಿಸಬೇಕಾಯಿತು.

ಸಿಟ್ಟನ್ನು ಯಾರ ಮೇಲಾದರೂ ತೀರಿಸಬೇಕಲ್ಲ. ವಾಪಸ್ ಬಸ್ಸಿನಲ್ಲಿ ಅಕ್ಕನ ಮೇಲೆ ಬಿದ್ದೆ.

"ಯಾಕ ಬೇಕು ಆ ಬೆಳ್ಳಿ? ಹಾಕ್ಕೋಳಂಗಿಲ್ಲ, ಮಾರಂಗಿಲ್ಲ. ವರ್ಷಕ್ಕೊಮ್ಮಿ ತಿಕ್ಕೋದು, ಇಡೋದು. ಅದನ್ನ ಮಾರಿದ್ರ ಇವತ್ತ ಕೋಣಿ ಆಗ್ತದ."

"ಆಗ್ತದ, ಖರೆ. ಆದ್ರ ಅದು ಹೋತಂದ್ರ ಮುಂದಿನ ರಂಜಾನಕ್ಕ ನಾ ಬಾಗಲ ಹೊರಗ ನಿಂದರೋಕಿ. ಈಗ ಬಾಗಲ ಒಳಗಿಂದ ಕೊಡೋಕಿ ಅದೀನಿ."

"ಕೊಡೋಕಿ? ನೀ ಏನ್ ಕೊಡ್ತಿ?"

"ವರ್ಷಾ ಕೊಡ್ತೀನಿ. ಬೆಳ್ಳಿ ಮ್ಯಾಲ ಎಷ್ಟು ಬರ್ತದೋ ಅಷ್ಟು. ಪಗಾರದಾಗ ವಾರ ವಾರ ತೆಗೆದಿಡ್ತೀನಿ. ಈ ವರ್ಷದ್ದು ಆಲಿಕಲ್ಲು ಬೀಳೋ ಮುಂಚೇ ಕೊಟ್ಟು ಮುಗಿಸೀನಿ."

ಬಿಸಿಲಲ್ಲಿ ನಡೆದು ಹೋಗಿ, ದಿನವಿಡೀ ನಿಂತು ಗೊಂಚಲು ಕತ್ತರಿಸಿದ ಕೂಲಿಯಿಂದ, ಉಪಯೋಗಕ್ಕೆ ಬಾರದ ಬೆಳ್ಳಿಗಾಗಿ ಜಕಾತ್ ಕಟ್ಟುವುದು! ಇಂಥ ಮೂರ್ಖತನವನ್ನು ನಾನು ಎಲ್ಲೂ ಕಂಡಿರಲಿಲ್ಲ. ಹಾಗೆಂದೇ ಹೇಳಿದೆ. ಮುಂದಿನ ಸೀಟಿನವರು ತಿರುಗಿ ನೋಡಿದರು. ಅಕ್ಕ ಸೆರಗು ಸರಿಮಾಡಿಕೊಂಡು ಕಿಟಕಿಯ ಹೊರಗೆ ನೋಡುತ್ತ ಕೂತಳು.

ನಿಫಾಡ್‌ನಲ್ಲಿ ಇಳಿದ ಮೇಲೆ ಅವಳೇ ಮಾತು ತೆಗೆದಳು. "ನಿನ್ನ ಜಕಾತ್ ಸಂಭಾಜಿನಗರಕ್ಕ ವಾಪಸ್ ಒಯ್ಬ್ಯಾಡ. ಹಿಂದಿನ ಮನಿ ಶಮೀಮ್ ನನ್ನ ಜೋಡೀನೇ ಪ್ಯಾಕ್‌ಹೌಸಿನಾಗ ಇದ್ಲು. ಗಂಡಗ ಕಾಲಿಲ್ಲ. ಮನ್ಯಾಗ ಒಂದು ಗುಲಗಂಜಿ ಬೆಳ್ಳಿ ಇಲ್ಲ. ಆಕಿಗೆ ಸಲ್ಲತದ."

"ನಡಿ, ಕೊಟ್ಟು ಬರೋಣ," ಅಂದೆ. ಅಕ್ಕನ ಕೋಣೆಗೆಂದು ಜೋಪಾನ ಮಾಡಿ ತಂದ ದುಡ್ಡು ಬೇರೆಯವರ ಕೈ ಸೇರುತ್ತದಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು.

"ಹಂಗಲ್ಲ. ಹೋಗಿ ಜಕಾತ್ ತಂದೀನಿ ಅಂದಿ ಅಂದ್ರ ಆಕಿ ಮಾರಿ ಎತ್ತಂಗಿಲ್ಲ. ಆಕಿ ಮಕ್ಕಳ ಕೈಯಾಗೂ ಕೊಡಬ್ಯಾಡ. ಆಕಿ ಕೈಯಾಗೇ ಕೊಡು, ಈದಿ ಅನ್ನು. ಹಬ್ಬಕ್ಕ ಅರಿವಿ ತಗೋರಿ ಅನ್ನು. ಕೊಟ್ಟು ಕುಂದರಬ್ಯಾಡ, ಎದ್ದು ಬಾ. ಕುಂತ್ರ ಆಕಿ ಉಪಕಾರ ಹೇಳಬೇಕಾಗ್ತದ."

"ಜಕಾತ್ ಅಂತ ಹೇಳದಿದ್ರ ನಡೀತದ?"

"ನಿನ್ನ ಮನಸ್ಸಿನ್ಯಾಗ ಇದು ಜಕಾತ್ ಅನ್ನೋ ನೀಯತ್ ಇದ್ರ ಸಾಕು. ತಗೊಳ್ಳೋರಿಗೆ ಯಾಕ ಹೇಳಬೇಕು?"

ಅಕ್ಕ ಹೇಳಿದ ಹಾಗೆಯೇ ಮಾಡಿದೆ. ಶಮೀಮ್ ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದಳು. ಹುಸೇನಬೀಯ ತಂಗಿ, ಊರಿಂದ ಬಂದೀನಿ, ನಿಮಗೆ ಈದಿ, ಹಬ್ಬಕ್ಕೆ ಬಟ್ಟೆ ತಗೊಳ್ಳಿ ಎಂದು ಲಕೋಟೆಯನ್ನು ಕೈಗಿಟ್ಟೆ. ಅವಳು ಏನೋ ಅನ್ನುವ ಮೊದಲೇ ಅಕ್ಕ ನನ್ನ ತೋಳು ಹಿಡಿದು ಹೊರಗೆ ತಂದಳು.

ಓಣಿಯ ನಡುವೆ ಬಂದಾಗ ನನ್ನ ಕಾಲು ನಿಂತಿತು.

ನಮ್ಮ ಅಂಗಡಿ ಮುಚ್ಚಿ, ಬಂಗಾರ ಹೋಗಿ, ನನಗೆ ಇನ್ನೂ ಕೆಲಸ ಸಿಗದಿದ್ದ ಆ ಕೆಟ್ಟ ಕಾಲದಲ್ಲಿ ಪ್ರತಿ ರಂಜಾನಿಗೆ ಅಕ್ಕ ಬರುತ್ತಿದ್ದಳು. ಭಾವ ಇನ್ನೂ ದುಡಿಯುತ್ತಿದ್ದರು. ಅಡುಗೆಮನೆಗೆ ಬಂದು, ಮಕ್ಕಳ ಕೈಗಲ್ಲ, ನನ್ನ ಕೈಗೇ ಲಕೋಟೆ ಇಟ್ಟು, ಈದಿ, ಅರಿವಿ ತಗೋ ಎನ್ನುತ್ತಿದ್ದಳು. ಚಹಾ ಇಟ್ಟೆ ಕೂಡು ಅಂದರೂ ಕೂರದೆ, ಬಸ್ಸು ಸಿಗಂಗಿಲ್ಲ ಎಂದು ಎದ್ದು ಹೋಗುತ್ತಿದ್ದಳು. ಇವಳಿಗೆ ಯಾವಾಗಲೂ ಅವಸರ ಎಂದು ನಾನು ಗೊಣಗುತ್ತಿದ್ದೆ. ಆ ದುಡ್ಡಿನಲ್ಲಿ ಬಟ್ಟೆ ಬಂದದ್ದು ಕಡಿಮೆ, ರೇಷನ್ ಬಂದದ್ದೇ ಹೆಚ್ಚು.

"ಅಕ್ಕಾ," ಅಂದೆ. "ನನಗ ಕೊಡ್ತಿದ್ದಿಯಲ್ಲ, ಅದು ಈದಿನಾ?"

ಅವಳು ಮುಂದೆ ನಡೆಯುತ್ತಲೇ ಇದ್ದಳು.

"ಅಕ್ಕಾ, ನಿಂದ್ರು! ನಾನೂ ಜಕಾತ್ ತಿಂದೀನಾ?"

"ಓಣ್ಯಾಗ ಒದರಬ್ಯಾಡ," ಎಂದಳು ಅಕ್ಕ, ತಿರುಗಿ ನೋಡದೆ. "ಬೆಳ್ಳಿ ಇತ್ತು, ಅದರ ಮ್ಯಾಲ ಬರ್ತಿತ್ತು. ತಂಗಿ ಕಷ್ಟದಾಗ ಇದ್ಲು. ಮಂದಿ ಮನಿ ಹುಡುಕ್ಕೋತ ಹೋಗ್ಲೇನು?"

ಆವತ್ತು ಇಫ್ತಾರಿಗೆ ಖರ್ಜೂರವನ್ನು ಕೈಯಲ್ಲೇ ಹಿಡಿದು ಕೂತೆ. ಸಿಟ್ಟು ಯಾರ ಮೇಲೆ ಎಂದು ನನಗೇ ಗೊತ್ತಾಗಲಿಲ್ಲ. ಹೇಳಲಿಲ್ಲವೆಂದು ಅಕ್ಕನ ಮೇಲೆ. ಹೇಳಿದ್ದರೆ ನಾನು ತೆಗೆದುಕೊಳ್ಳುತ್ತಿರಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತಲ್ಲ ಎಂದು ಇನ್ನೂ ಹೆಚ್ಚು. ಆಕೆ ಮಾರದೆ ಉಳಿಸಿದ ಆ ಬೆಳ್ಳಿಯನ್ನೇ ಬಸ್ಸಿನಲ್ಲಿ ಎಲ್ಲರೆದುರು ಮೂರ್ಖತನ ಎಂದು ಕೂಗಿದ್ದೆ. ಆ ಮೂರ್ಖತನದಿಂದಲೇ ನನ್ನ ಮಕ್ಕಳು ಎಷ್ಟೋ ದಿನ ಉಂಡಿದ್ದರು. ನೀರು ಕುಡಿದೆ, ಅತ್ತೆ, ಮತ್ತೆ ನೀರು ಕುಡಿದೆ. ಅಕ್ಕ ಭಜಿ ನನ್ನ ಕಡೆ ಸರಿಸುತ್ತ, ತಿನ್ನು, ಆರಿಹೋಗ್ತದ, ಎನ್ನುತ್ತಿದ್ದಳು.

ಮರುದಿನ ಬಸ್ ನಿಲ್ದಾಣದಲ್ಲಿ ನನ್ನ ಬಲಗೈಯ ಪಾಟ್ಲಿ ತೆಗೆದು ಅವಳ ಕೈಗೆ ಹಾಕಿದೆ. ಅಕ್ಕನ ಕೈ ನನ್ನದಕ್ಕಿಂತ ಬಡಕಲು, ಮೊಣಕೈವರೆಗೂ ಜಾರಿತು.

"ಇದೇನು?" ಎಂದಳು.

"ಜಕಾತ್ ಅಲ್ಲ, ಈದಿನೂ ಅಲ್ಲ. ಮೂವತ್ತೊಂಬತ್ತರಾಗಿಂದು. ಬ್ಯಾಡ ಅಂದಿ ಅಂದ್ರ ಇಲ್ಲೇ ನಿಂತು ಒದರ್ತೀನಿ."

ಒದರುತ್ತೇನೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸೆರಗಿನೊಳಗೆ ಕೈ ಸೇರಿಸಿಕೊಂಡಳು. ಈದ್‌ಗೆ ಮೊದಲೇ ಪಾಟ್ಲಿ ಮಾರಿದ ದುಡ್ಡು ಡಿಪಾಜಿಟ್ಟಿಗಾಗಿ, ಹಿಂದಿನ ಓಣಿಯ ಕೋಣೆಗೆ ಪೆಟ್ಟಿಗೆ ಹೋಯಿತು. ಮನೆಗೆ ಬಂದಾಗ ನಮ್ಮವರು ನನ್ನ ಬರಿದಾದ ಬಲಗೈ ನೋಡಿ ಯಾವ ಮದರಸಾಕ್ಕೆ ಕೊಟ್ಟಿ ಎಂದು ಕೇಳಿದರು. ಅಕ್ಕಗ, ಅಂದೆ. ಇನ್ನೊಂದೂ ಕೊಟ್ಟು ಬರಬೇಕಿತ್ತು ಅಂದರು. ಅಕ್ಕನ ಆ ಈದಿ ಏನೆಂದು ಅವರಿಗೆ ಮೊದಲೇ ಗೊತ್ತಿತ್ತೇ ಎಂದು ಕೇಳುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ.

ತರಬೇತಿ ಮುಗಿಸಿ ಬರುವಾಗ ಹೋದ ವಾರ ನಿಫಾಡ್‌ನಲ್ಲಿ ಇಳಿದೆ. ಪ್ಯಾಕ್‌ಹೌಸಿನಿಂದ ಆಗಷ್ಟೇ ಬಂದ ಅಕ್ಕ ಕಾಲು ಚಾಚಿ ಕೂತಿದ್ದಳು. ಪ್ರತಿ ವರ್ಷ ಕೇಳುವುದನ್ನು ಮತ್ತೆ ಕೇಳಿದೆ: ಎಷ್ಟು ವರ್ಷ ಕೊಟ್ಟಿ, ಒಟ್ಟು ಎಷ್ಟು ಕೊಟ್ಟಿ, ಇವತ್ತಾದರೂ ಹೇಳು. ಪ್ರತಿ ವರ್ಷ ಮಾತು ಹಾರಿಸುವವಳು ಆವತ್ತು ಹಾರಿಸಲಿಲ್ಲ.

"ಯಾಕ, ತೀರಿಸ್ತೀ ಏನು?" ಎಂದಳು. "ಸಾಲ ಆಗಿದ್ರ ತೀರಸ್ತಿದ್ದಿ. ಅದು ನಿಂದೇ ಇತ್ತವ್ವ. ನನ್ನ ಪೆಟ್ಟಿಗ್ಯಾಗ ಇತ್ತಷ್ಟ."